ಹಕ್ಕು ಮತ್ತು ಹೊಣೆ: ಹವಾಯಿಯ ಶಾಲೆಯೊಂದು ಕಲಿಸುವ ಪಾಠ



"ನಿನಗೆ ಒಂದಿಷ್ಟೂ ಜವಾಬ್ದಾರಿ ಇಲ್ಲ!" ಮಕ್ಕಳಿರುವ ಮನೆಯಲ್ಲಿ ಈ ಮಾತು ಕೇಳಿಬರದ ವಾರವಿಲ್ಲ. ಆದರೆ ಜವಾಬ್ದಾರಿ ಎಂಬುದು ಮಗುವಿನಲ್ಲಿ ಹುಟ್ಟುವುದಾದರೂ ಹೇಗೆ? ಗದರಿಕೆಯಿಂದಲೇ? ಶಿಕ್ಷೆಯ ಭಯದಿಂದಲೇ? ಬಹುದೂರದ ಹವಾಯಿ ದ್ವೀಪಗಳ ಒಂದು ಶಾಲೆ ಈ ಪ್ರಶ್ನೆಗೆ ಕೊಡುವ ಉತ್ತರವನ್ನು ಈ ವಾರ ಚಿಂತಿಸೋಣ.

ಹವಾಯಿ ಇಂದು ಅಮೆರಿಕದ ಒಂದು ರಾಜ್ಯ. ಹಿಂದೆ ಅಲ್ಲಿ ಅವರದೇ ಅರಸರಿದ್ದರು. ಅವರದೇ ಭಾಷೆಯಲ್ಲಿ ಶಾಲೆಗಳೂ ಪತ್ರಿಕೆಗಳೂ ಇದ್ದವು. 1893ರಲ್ಲಿ ರಾಣಿ ಲಿಲಿಯುಓಕಲಾನಿಯನ್ನು ಸಿಂಹಾಸನದಿಂದ ಇಳಿಸಲಾಯಿತು. 1896ರ ಕಾನೂನು ಇಂಗ್ಲಿಷನ್ನೇ ಶಾಲೆಗಳ ಬೋಧನಾ ಭಾಷೆಯನ್ನಾಗಿ ಮಾಡಿತು. ಶಾಲೆಯಲ್ಲಿ ತಾಯ್ನುಡಿ ಆಡಿದ ಮಕ್ಕಳಿಗೆ ಶಿಕ್ಷೆಯಾಯಿತು. ಆ ನೋವನ್ನು ಉಂಡವರು ತಾವು ತಂದೆತಾಯಿಯಾದಾಗ, 'ನಮ್ಮ ಮಕ್ಕಳಿಗೆ ಈ ಕಷ್ಟ ಬೇಡ, ಇಂಗ್ಲಿಷ್ ಕಲಿತು ಮುಂದೆ ಬರಲಿ' ಎಂದು ಮನೆಯಲ್ಲೂ ಆ ಭಾಷೆಯನ್ನು ಆಡದೆ ಬಿಟ್ಟರು. ಪ್ರೀತಿಯಿಂದಲೇ ಬಿಟ್ಟರು. ಪರಿಣಾಮವಾಗಿ 1980ರ ದಶಕದ ಆರಂಭದ ಹೊತ್ತಿಗೆ ಹವಾಯಿ ಭಾಷೆಯನ್ನು ಸರಾಗವಾಗಿ ಮಾತಾಡುವ ಮಕ್ಕಳು 50 ಮಂದಿಯೂ ಉಳಿದಿರಲಿಲ್ಲ ಎನ್ನುತ್ತಾರೆ.

1983ರಲ್ಲಿ ಕೆಲವು ಶಿಕ್ಷಕರು ಕೂಡಿ 'ಪೂನಾನಾ ಲೆಯೊ' ಎಂಬ ಶಿಶುವಿಹಾರಗಳ ಸಂಸ್ಥೆಯನ್ನು ಕಟ್ಟಿದರು. ಆ ಹೆಸರಿನ ಅರ್ಥ 'ದನಿಗಳ ಗೂಡು'. ಮೊದಲ ಶಿಶುವಿಹಾರ 1984ರಲ್ಲಿ ಕವಾಯಿ ದ್ವೀಪದಲ್ಲಿ ತೆರೆಯಿತು. ಇಲ್ಲಿ ಮಗುವನ್ನು ಸೇರಿಸಿ, ಶುಲ್ಕ ಕಟ್ಟಿ, ತಂದೆತಾಯಿ ಕೈತೊಳೆದುಕೊಳ್ಳುವಂತಿಲ್ಲ. ಅವರೂ ಭಾಷೆ ಕಲಿಯಬೇಕು; ಪ್ರತಿ ತಿಂಗಳು ಕೆಲವು ಗಂಟೆ ಶಾಲೆಗಾಗಿ ದುಡಿಯಬೇಕು. ಶಾಲೆಗಳಲ್ಲಿ ಆ ಭಾಷೆಗಿದ್ದ ತಡೆಯನ್ನು ಕಾನೂನು 1986ರಲ್ಲಿ ತೆಗೆದುಹಾಕಿತು. ಮುಂದೆ ಹಿಲೊ ಪಟ್ಟಣದ ಸಮೀಪ ನಾವಹಿ ಶಾಲೆ ಬೆಳೆಯಿತು. ರಾಣಿಯ ಪರವಾಗಿ ನಿಂತ ಶಾಸಕ, ಪತ್ರಿಕಾ ಸಂಪಾದಕ ಜೋಸೆಫ್ ನಾವಹಿಯ ಹೆಸರು ಅದಕ್ಕೆ. 1999ರಲ್ಲಿ ಅಲ್ಲಿನ ಮೊದಲ ತಂಡ ಹವಾಯಿ ಭಾಷೆಯಲ್ಲೇ ಪ್ರೌಢಶಿಕ್ಷಣ ಮುಗಿಸಿತು.

ಈ ಶಾಲೆಯಲ್ಲಿ ದಿನ ಆರಂಭವಾಗುವುದು ಎಲ್ಲರೂ ಒಟ್ಟಾಗಿ ನಿಂತು ಹಾಡುವ ಸಾಂಪ್ರದಾಯಿಕ ಪಠಣದಿಂದ. ತೋಟದ ಕೆಲಸವೂ ಅಲ್ಲಿ ಪಾಠದ ಒಂದು ಭಾಗ. ಇದೆಲ್ಲದರ ಹಿಂದೆ ಒಂದು ಪದವಿದೆ: 'ಕುಲೆಯಾನ'. ಇದಕ್ಕೆ ಹಕ್ಕು ಎಂದೂ ಅರ್ಥ, ಹೊಣೆ ಎಂದೂ ಅರ್ಥ. ನಾವು ಎರಡು ಪದಗಳಲ್ಲಿ ಬೇರ್ಪಡಿಸಿ ಹೇಳುವುದನ್ನು ಅವರು ಒಂದೇ ಪದದಲ್ಲಿ ಹೇಳುತ್ತಾರೆ. ಯಾವುದು ನನ್ನದೋ ಅದನ್ನು ನೋಡಿಕೊಳ್ಳುವವನೂ ನಾನೇ.

ಈ ಅರ್ಥವನ್ನು ಅವರ ಹೊಲಗಳಲ್ಲಿ ಕಾಣಬಹುದು. ಹವಾಯಿ ಜನರ ಮುಖ್ಯ ಆಹಾರವಾಗಿದ್ದದ್ದು 'ಕಲೊ', ಅಂದರೆ ನಮ್ಮ ಕೆಸುವಿನ ಗೆಡ್ಡೆ. ಕರಾವಳಿಯ ನಮ್ಮ ತಾಯಂದಿರು ಪತ್ರೊಡೆಗೆ ಬಳಸುವುದು ಇದೇ ಗಿಡದ ಎಲೆಯನ್ನು! ಅಲ್ಲಿ ಅದನ್ನು ನೀರು ನಿಲ್ಲಿಸಿದ ಗದ್ದೆಗಳಲ್ಲಿ ಬೆಳೆಯುತ್ತಾರೆ. ತೊರೆಯ ನೀರು ಕಾಲುವೆಯಲ್ಲಿ ಹರಿದು ಒಂದು ಗದ್ದೆಯಿಂದ ಇನ್ನೊಂದಕ್ಕೆ ಇಳಿಯುತ್ತದೆ. ಕಾಲುವೆ ತೋಡುವುದಕ್ಕೂ ಹೂಳೆತ್ತುವುದಕ್ಕೂ ಕೈಹಾಕಿದವನಿಗೆ ನೀರಿನಲ್ಲಿ ಪಾಲು. ಮೇಲಿನ ಗದ್ದೆಯವನು ನೀರನ್ನೆಲ್ಲ ತಡೆದರೆ ಕೆಳಗಿನವನು ಉಪವಾಸ. ಅವರ ಭಾಷೆಯಲ್ಲಿ 'ವಾಯ್' ಎಂದರೆ ನೀರು, 'ವಾಯ್‌ವಾಯ್' ಎಂದರೆ ಸಂಪತ್ತು.

ಇದೇ ಗಿಡದ ಬಗ್ಗೆ ಅವರ ಹಿರಿಯರು ಹೇಳುವ ಕಥೆಯೂ ಇದೆ. ಹುಟ್ಟುವಾಗಲೇ ಸತ್ತಿದ್ದ ಒಂದು ಕೂಸನ್ನು ಮಣ್ಣು ಮಾಡಿದ ಜಾಗದಲ್ಲಿ ಮೊದಲ ಕೆಸುವಿನ ಗಿಡ ಚಿಗುರಿತು. ಅದರ ನಂತರ ಹುಟ್ಟಿದ ತಮ್ಮನೇ ಮನುಷ್ಯರ ಮೂಲಪುರುಷ. ಹೀಗಾಗಿ ಗಿಡ ಅಣ್ಣ, ಮನುಷ್ಯ ತಮ್ಮ. ತಮ್ಮ ಅಣ್ಣನನ್ನು ನೋಡಿಕೊಳ್ಳುತ್ತಾನೆ, ಅಣ್ಣ ತಮ್ಮನಿಗೆ ಉಣಿಸುತ್ತಾನೆ. ಈ ಕಥೆ ಕೇಳಿ ಬೆಳೆದ ಮಗುವಿಗೆ ಗದ್ದೆಯ ಕಳೆ ಕೀಳುವುದು ಮನೆಯವರ ಆರೈಕೆಯಂತೆಯೇ ಕಾಣುತ್ತದೆ.

2015ರಲ್ಲಿ ಹವಾಯಿಯ ಶಿಕ್ಷಣ ಮಂಡಳಿ ತನ್ನ ಎಲ್ಲ ಸರಕಾರಿ ಶಾಲೆಗಳಿಗಾಗಿ ಆರು ಗುರಿಗಳನ್ನು ಅಂಗೀಕರಿಸಿತು: 'ನಾನು ಇಲ್ಲಿಯವನು' ಎಂಬ ಭಾವ, ಹೊಣೆ, ಶ್ರೇಷ್ಠತೆ, 'ಅಲೋಹ' ಎಂಬ ಪ್ರೀತಿ, ಸಮಗ್ರ ಕ್ಷೇಮ ಮತ್ತು ಹವಾಯಿಯ ನೆಲದ ಅರಿವು. ಇವುಗಳನ್ನು ಒಟ್ಟಾಗಿ 'ಹಾ' ಎನ್ನುತ್ತಾರೆ. 'ಹಾ' ಎಂದರೆ ಉಸಿರು. ಪ್ರಿಯರೇ, ಈ ಕ್ರಮವನ್ನು ಗಮನಿಸಿ. ಹೊಣೆ ಇರುವುದು ಎರಡನೆಯ ಸ್ಥಾನದಲ್ಲಿ. ಮೊದಲನೆಯದು ಸೇರಿದವನೆಂಬ ಭಾವ. 'ಇದು ನನ್ನ ಮನೆ, ಇಲ್ಲಿ ನಾನು ಬೇಕಾದವನು' ಎಂದು ತಿಳಿದ ಮಗು ಹೊಣೆಯನ್ನು ತಾನಾಗಿ ಹೊರುತ್ತದೆ. ಆ ಭಾವವಿಲ್ಲದ ಮಗುವಿಗೆ ಅದು ಬರೀ ಹೊರೆ.

ಹವಾಯಿ ಎಂದೊಡನೆ ನಮಗೆ ಮೊಲೊಕಾಯಿಯ ಸಂತ ಡೇಮಿಯನ್ ನೆನಪಾಗುತ್ತಾರಲ್ಲವೇ? 1873ರಲ್ಲಿ ಅವರು ಕುಷ್ಠರೋಗಿಗಳ ನೆಲೆಗೆ ಬಂದಾಗ ಕಂಡದ್ದು ಸಮಾಜ ತಳ್ಳಿಹಾಕಿದ ಜನರನ್ನು. ಅವರು ರೋಗಿಗಳ ಹುಣ್ಣು ಕಟ್ಟಿದರು. ಅಷ್ಟಕ್ಕೇ ನಿಲ್ಲದೆ ಆ ರೋಗಿಗಳ ಜೊತೆ ಸೇರಿಯೇ ಮನೆಗಳನ್ನೂ ದೇವಾಲಯವನ್ನೂ ಕಟ್ಟಿದರು, ಅನಾಥ ಮಕ್ಕಳಿಗೆ ಆಶ್ರಯ ಮಾಡಿದರು, ಗಾನವೃಂದ ಬೆಳೆಸಿದರು. ಯಾರಿಗೂ ಬೇಡವಾಗಿದ್ದವರು ಒಬ್ಬರಿಗೊಬ್ಬರು ಬೇಕಾದವರಾದರು. 1889ರಲ್ಲಿ ಅವರು ಅದೇ ರೋಗದಿಂದ, ಅವರಲ್ಲೊಬ್ಬರಾಗಿಯೇ, ತೀರಿಕೊಂಡರು.

ಈಗ ನಮ್ಮ ಮನೆಗೆ ಬರೋಣ. "ನೀನು ಓದಿಕೋ, ಉಳಿದದ್ದು ನಾನು ನೋಡಿಕೊಳ್ಳುತ್ತೇನೆ" ಎನ್ನುತ್ತೇವೆ. ತಟ್ಟೆ ತೊಳೆಯಲು ಬಂದ ಮಗುವಿಗೆ "ಬಿಡು, ನೀರು ಚೆಲ್ಲುತ್ತೀಯ" ಎನ್ನುತ್ತೇವೆ. ಇದೂ ಪ್ರೀತಿಯೇ. ಆದರೆ ಹವಾಯಿಯ ಆ ತಂದೆತಾಯಂದಿರು ಪ್ರೀತಿಯಿಂದ ಭಾಷೆಯನ್ನು ತಡೆದು ಮಕ್ಕಳ ಸ್ವತ್ತನ್ನೇ ಕಳೆದರು. ನಾವು ಪ್ರೀತಿಯಿಂದ ಕೆಲಸವನ್ನು ತಡೆದು, 'ಈ ಮನೆಗೆ ನೀನು ಅನಿವಾರ್ಯವಲ್ಲ' ಎಂಬ ಪಾಠವನ್ನು ಹೇಳಿಕೊಡುತ್ತಿದ್ದೇವೆ. ಹದಿನೈದು ವರ್ಷ ಆ ಪಾಠ ಕಲಿತವನನ್ನು ಹದಿನಾರನೆಯ ವರ್ಷದಲ್ಲಿ "ನಿನಗೆ ಜವಾಬ್ದಾರಿ ಇಲ್ಲ" ಎಂದು ಬೈದರೆ ತಪ್ಪು ಯಾರದು?

ಚೆಲ್ಲಿದ ನೀರನ್ನು ಒರೆಸಬಹುದು. ಮಗುವಿಗೆ ಒಂದು ಕಾಲುವೆಯನ್ನು ಒಪ್ಪಿಸಿ. ಅದು ಹೂಳು ತುಂಬಿದರೆ ಮನೆಗೇ ನೀರಿಲ್ಲ ಎನ್ನುವಂಥ ನಿಜವಾದ ಕೆಲಸವಾಗಿರಲಿ. ನಂತರ ತಾಳ್ಮೆಯಿಂದ ಕಾಯಿರಿ.

ಕುಟುಂಬದಲ್ಲಿ ಚರ್ಚಿಸಲು:

1. ನಮ್ಮ ಮನೆಯಲ್ಲಿ ಪ್ರತಿಯೊಂದು ಮಗುವಿಗೂ ಅದು ಮಾಡದಿದ್ದರೆ ನಿಂತುಹೋಗುವ ಒಂದು ಕೆಲಸ ಇದೆಯೇ?

2. ಮನೆಯ ಮಾತುಕತೆಯಲ್ಲಿ, ತೀರ್ಮಾನಗಳಲ್ಲಿ ಮಕ್ಕಳಿಗೆ ಪಾಲು ಕೊಡುತ್ತೇವೆಯೇ? ಹಕ್ಕು ಕೊಡದೆ ಹೊಣೆ ಕೇಳುತ್ತಿದ್ದೇವೆಯೇ?

3. ಮಕ್ಕಳ ಶಾಲೆಗೆ ಶುಲ್ಕದ ಹೊರತಾಗಿ ತಂದೆತಾಯಿಯಾಗಿ ನಾವು ಏನನ್ನು ಕೊಟ್ಟಿದ್ದೇವೆ?