ಪಾಳುಬಿದ್ದ ಊರನ್ನು ಓದೋದು ಹೇಗೆ?

ಎಂ.ಎಸ್. ಮಾಡೋಕೆ ಯೂರೋಪಿಗೆ ಹೋದ ಸೀನಿಯರ್‌ಗಳು ಹಾಕುವ ಫೋಟೋಗಳಲ್ಲಿ ಹಳೇ ಕಲ್ಲಿನ ಗೋಡೆ ಒಂದಾದರೂ ಇದ್ದೇ ಇರುತ್ತೆ. ರೋಮ್‌ನಲ್ಲಂತೂ ಪಾಳು ಕಟ್ಟಡ ಬೇರೆ, ಸಿಟಿ ಲೈಫ್ ಬೇರೆ ಅಂತ ಇಲ್ಲವೇ ಇಲ್ಲ. ಅಲ್ಲಿ ಮೆಟ್ರೋ ಸಿ ಲೈನ್‌ಗಾಗಿ ನೆಲ ಅಗೆದಾಗ ಸಿಕ್ಕ ಪ್ರಾಚೀನ ವಸ್ತುಗಳನ್ನು, 2018ರಲ್ಲಿ ಶುರುವಾದ ಸಾನ್ ಜೊವಾನ್ನಿ ಸ್ಟೇಷನ್ನಿನ ಒಳಗೇ ಇಟ್ಟಿದ್ದಾರೆ. ಟ್ರೈನ್ ಹಿಡಿಯೋಕೆ ಕೆಳಗೆ ಇಳೀತಾ ಇಳೀತಾ ಜನ ಇತಿಹಾಸದ ಪದರಗಳನ್ನು ದಾಟಿ ಹೋಗ್ತಾರೆ.

ಈ ಪಾಠಕ್ಕೆ ಪಾಸ್‌ಪೋರ್ಟ್ ಬೇಕಿಲ್ಲ. ಹಾಸನ ಬಸ್‌ಸ್ಟ್ಯಾಂಡ್‌ನಿಂದ ಕೆಂಪು ಬಸ್ಸು ಹತ್ತಿದರೆ ಸಾಕು. ಆದರೆ ಹೋಗುವಾಗ ಮೂರು ಪ್ರಶ್ನೆಗಳನ್ನು ಜೊತೆಗೆ ಒಯ್ಯೋಣ.

1. ಇದು ಯಾವ ಕಲ್ಲು?

ಚನ್ನರಾಯಪಟ್ಟಣ ತಾಲೂಕು ಒಂದರಲ್ಲೇ ಎರಡು ಉತ್ತರ ಸಿಗುತ್ತೆ. ಶ್ರವಣಬೆಳಗೊಳದಲ್ಲಿ 10ನೇ ಶತಮಾನದ ಕೊನೆಗೆ ಚಾವುಂಡರಾಯ ಮಾಡಿಸಿದ ಗೊಮ್ಮಟ, ಸುಮಾರು 58 ಅಡಿ ಎತ್ತರದ ಏಕಶಿಲೆ. ಅದು ಗ್ರಾನೈಟ್. ಕಲ್ಲು ಗಟ್ಟಿ, ಹಾಗಾಗಿ ರೂಪ ಸರಳ, ನುಣುಪು. ನುಗ್ಗೇಹಳ್ಳಿಯ ಲಕ್ಷ್ಮೀನರಸಿಂಹ ದೇವಸ್ಥಾನದ್ದು ಬಳಪದ ಕಲ್ಲು. ನೆಲದಿಂದ ತೆಗೆದಾಗ ಮೆತ್ತಗಿದ್ದು, ಗಾಳಿಗೆ ಬಿಟ್ಟಮೇಲೆ ಗಟ್ಟಿಯಾಗುತ್ತೆ. ಅದಕ್ಕೇ ಹೊಯ್ಸಳ ಶಿಲ್ಪಿಗಳು ಮೂರ್ತಿಯ ಬೆರಳಿನ ಉಂಗುರದವರೆಗೂ ಕೆತ್ತಿದ್ದು, ಕಂಬಗಳನ್ನು ತಿರುಗಣಿಯಲ್ಲಿ ಕಡೆದಿದ್ದು. ಡಿಸೈನ್ ಅರ್ಥ ಆಗಬೇಕಂದ್ರೆ ಮೊದಲು ಮೆಟೀರಿಯಲ್ ಗೊತ್ತಿರಬೇಕು.

2. ದುಡ್ಡು ಯಾರದು, ಕೈ ಯಾರದು?

ಎಲ್ಲಾ ಗುಡಿಯನ್ನೂ ರಾಜನೇ ಕಟ್ಟಿಸಿದ ಅಂದುಕೊಳ್ಳೋದು ಸುಲಭ. ಆದರೆ ಹಾಸನದ ಹತ್ತಿರದ ದೊಡ್ಡಗದ್ದವಳ್ಳಿಯ ಲಕ್ಷ್ಮೀದೇವಿ ಗುಡಿಯನ್ನು 12ನೇ ಶತಮಾನದ ಶುರುವಿನಲ್ಲಿ ಕಟ್ಟಿಸಿದ್ದು ಕುಲ್ಲಹಣ ರಾಹುತ ಎಂಬ ವ್ಯಾಪಾರಿ ಮತ್ತು ಅವನ ಹೆಂಡತಿ ಸಹಜಾದೇವಿ. ನುಗ್ಗೇಹಳ್ಳಿಯದು 1246ರದು, ಕಟ್ಟಿಸಿದ್ದು ಬೊಮ್ಮಣ್ಣ ದಂಡನಾಯಕ. ಅಲ್ಲಿ ಬೈಚೋಜ, ಮಲ್ಲಿತಮ್ಮ ಎಂಬ ಶಿಲ್ಪಿಗಳು ತಾವು ಮಾಡಿದ ಮೂರ್ತಿಗಳ ಕೆಳಗೆ ಹೆಸರು ಕೆತ್ತಿದ್ದಾರೆ. ಲಾಭ ಮಾಡಿದ ವ್ಯಾಪಾರಿ, ಹೆಸರಿಟ್ಟು ಕೆಲಸ ಮಾಡುವ ಕುಶಲಕರ್ಮಿ ಇಬ್ಬರೂ ಇದ್ದರು ಅಂದಮೇಲೆ ಅಲ್ಲಿ ಸಂತೆ, ದಾರಿ, ಜನಜಂಗುಳಿ ಎಲ್ಲಾ ಇತ್ತು ಅಂತಲೇ ಅರ್ಥ. ನಾವು ಇವತ್ತು ಹಳ್ಳಿ ಅನ್ನೋ ಜಾಗದಲ್ಲಿ ಆವತ್ತಿನ ಸಿಟಿ ಲೈಫ್ ಇತ್ತು.

3. ಯಾಕೆ ಪಾಳಾಯ್ತು?

ಇದು ಮುಖ್ಯ ಪ್ರಶ್ನೆ. ಹಳೇಬೀಡು ಒಂದು ಕಾಲದ ದೋರಸಮುದ್ರ, ಹೊಯ್ಸಳರ ರಾಜಧಾನಿ. 1311ರಲ್ಲಿ ಮಲಿಕ್ ಕಾಫರ್‌ನ ದಾಳಿ, ಆಮೇಲೆ ಮತ್ತೆ ದಾಳಿ. ಕೊನೆಗೆ ರಾಜಧಾನಿ ಹೋಗಿ ‘ಹಳೆಯ ಬೀಡು’ ಅನ್ನೋ ಹೆಸರು ಉಳೀತು.

ಶೆಟ್ಟಿಹಳ್ಳಿಯ ಕಥೆ ಬೇರೆ. ಅಲ್ಲಿ 19ನೇ ಶತಮಾನದಲ್ಲಿ ಫ್ರೆಂಚ್ ಪಾದ್ರಿಗಳು ಕಟ್ಟಿದ ಚರ್ಚು ಈಗ ಮಳೆಗಾಲದಲ್ಲಿ ಅರ್ಧ ಮುಳುಗಿ ಬೇಸಿಗೆಯಲ್ಲಿ ಮೇಲೇಳುತ್ತೆ. ಯಾವ ಸೈನ್ಯವೂ ಬಂದು ಅದನ್ನು ಕೆಡವಲಿಲ್ಲ. 1979ರಲ್ಲಿ ಮುಗಿದ ಗೊರೂರಿನ ಹೇಮಾವತಿ ಅಣೆಕಟ್ಟಿನ ಹಿನ್ನೀರು ಬಂತು, ಜನ ಊರು ಬಿಟ್ಟರು. ಅದೇ ಅಣೆಕಟ್ಟಿನಿಂದ ಅರಕಲಗೂಡು, ಹೊಳೆನರಸೀಪುರ, ಚನ್ನರಾಯಪಟ್ಟಣದ ಕಡೆ ನಾಲೆ ನೀರು ಹರೀತು. ನಮ್ಮಲ್ಲಿ ಎಷ್ಟೋ ಜನರ ಕಾಲೇಜು ಫೀಸು ಆ ನೀರಲ್ಲಿ ಬೆಳೆದ ಬೆಳೆಯಿಂದಲೇ ಬಂದಿದ್ದು. ಡ್ಯಾಮ್ ಕಟ್ಟಬಾರದಿತ್ತು ಅಂತ ನಾವು ಹೇಳ್ತಿಲ್ಲ. ಆದರೆ ಮ್ಯಾಪಿನ ಮೇಲೆ ಇಂಜಿನಿಯರ್ ಎಳೆಯುವ ಮುಳುಗಡೆಯ ಗೆರೆಯೊಳಗೆ ಯಾರದೋ ಮನೆ, ಸಮಾಧಿ, ಪ್ರಾರ್ಥನೆಯ ಜಾಗ ಇರುತ್ತೆ. ನಾಳೆ ಆ ಗೆರೆ ಎಳೆಯುವವರು ನಾವೇ. ಶೆಟ್ಟಿಹಳ್ಳಿ ನೋಡಿದವರು ಪೆನ್ಸಿಲ್ ಹಿಡಿಯುವ ಮೊದಲು ಒಮ್ಮೆ ಯೋಚಿಸ್ತಾರೆ.

ಇನ್ನೊಂದು ಕಾರಣ ಉದಾಸೀನ. ಬೇಲೂರು, ಹಳೇಬೀಡು, ಸೋಮನಾಥಪುರದ ದೇವಸ್ಥಾನಗಳು 2023ರಲ್ಲಿ ಯುನೆಸ್ಕೋ ಪಟ್ಟಿ ಸೇರಿವೆ, ಅವಕ್ಕೆ ಕಾವಲಿದೆ. ಊರಬಾಗಿಲ ವೀರಗಲ್ಲಿಗೆ, ತೋಟದ ಬದಿಯ ಶಾಸನಕ್ಕೆ ಯಾರಿದ್ದಾರೆ?

ನಾವು ಮಾಡಬಹುದಾದ ಕೆಲಸ

ಬಿ.ಎಲ್. ರೈಸ್ 1902ರಲ್ಲಿ ಪ್ರಕಟಿಸಿದ ‘ಎಪಿಗ್ರಾಫಿಯಾ ಕರ್ನಾಟಿಕಾ’ 5ನೇ ಸಂಪುಟದಲ್ಲಿ ಹಾಸನ ಜಿಲ್ಲೆಯ ಶಾಸನಗಳು ತಾಲೂಕುವಾರು ಇವೆ. ರಜೆಗೆ ಊರಿಗೆ ಹೋದಾಗ ನಿಮ್ಮೂರಿನ ಹೆಸರು ಅದರಲ್ಲಿದೆಯಾ ಹುಡುಕಿ. ಇದ್ದರೆ ಆ ಕಲ್ಲು ಈಗ ಎಲ್ಲಿದೆ ಅಂತ ಅಜ್ಜ ಅಜ್ಜಿಯನ್ನು ಕೇಳಿ. ಬೆಳಗಿನ ಅಥವಾ ಸಂಜೆಯ ಓರೆ ಬಿಸಿಲಲ್ಲಿ ಫೋಟೋ ತೆಗೆದರೆ ಅಕ್ಷರ ಚೆನ್ನಾಗಿ ಕಾಣುತ್ತೆ. ಬಣ್ಣ ಬಳಿಯಬೇಡಿ, ಸಿಮೆಂಟ್ ಮೆತ್ತಬೇಡಿ, ತಂತಿ ಬ್ರಷ್ಷಿನಿಂದ ಉಜ್ಜಬೇಡಿ. ಊರು, ತಾಲೂಕು, ತಾರೀಖು ಬರೆದಿಟ್ಟುಕೊಳ್ಳಿ. ಪಟ್ಟಿಯಲ್ಲಿ ಇಲ್ಲದ ಕಲ್ಲು ಸಿಕ್ಕರೆ ಪುರಾತತ್ವ ಇಲಾಖೆಗೆ ತಿಳಿಸಿ.