ಗಿಣ್ಣ ಮೊದಲು ಕರುವಿಗೆ

ಘಟಪ್ರಭೆಯ ನೀರು ಹಾಯುವ ಮೇಲವಂಕಿ ಸುತ್ತಿನ ಊರುಗಳಲ್ಲಿ ಕಬ್ಬು, ಗೋವಿನಜೋಳದ ಜೊತೆಗೆ ಹೈನವೂ ನಡೆದಿದೆ. ಎಳೆಗರುವಿಗೆ ಭೇದಿ ಹತ್ತಿದರೆ ಔಷಧದ ಅಂಗಡಿಯತ್ತ ಓಡುವವರೇ ಹೆಚ್ಚು. ಕರುಳು ತಾನೇ ಮದ್ದು ತಯಾರಿಸುತ್ತದೆ ಎಂಬುದು ಎಷ್ಟು ಜನರಿಗೆ ಗೊತ್ತು?

ಕರುಳಿನ ಒಳಪದರದ ಜೀವಕೋಶಗಳು ಪೆಪ್ಟೈಡ್ ಎಂಬ ಪುಟ್ಟ ಪ್ರೋಟೀನ್ ತುಣುಕುಗಳನ್ನು ಒಸರುತ್ತವೆ. ಇವುಗಳಲ್ಲಿ ಹೆಚ್ಚಿನವಕ್ಕೆ ಧನ ವಿದ್ಯುದಂಶ, ಬ್ಯಾಕ್ಟೀರಿಯಾದ ಪೊರೆಗೆ ಋಣ. ಹಾಗಾಗಿ ಹೋಗಿ ಅಂಟಿಕೊಂಡು ಪೊರೆಯನ್ನು ತೂತು ಮಾಡುತ್ತವೆ; ಒಳಗಿನದೆಲ್ಲ ಸೋರಿ ರೋಗಾಣು ಸಾಯುತ್ತದೆ. ಕರುವಿನ ಸ್ವಂತ ಜೀವಕೋಶದ ಹೊರಮೈಯಲ್ಲಿ ಅಷ್ಟು ಋಣಾಂಶ ಇಲ್ಲದ್ದರಿಂದ ಅದಕ್ಕೆ ಏಟು ಕಡಿಮೆ.

ಹುಟ್ಟಿದ ಕರುವಿಗೆ ಈ ಕಾವಲಿನ ಜೊತೆ ತಾಯಿಯ ಆಸರೆಯೂ ಬೇಕು. ಗಿಣ್ಣದ ಹಾಲಿನಲ್ಲಿ ರೋಗನಿರೋಧಕ ಕಣಗಳಿವೆ, ಲ್ಯಾಕ್ಟೋಫೆರಿನ್ ಎಂಬ ಪ್ರೋಟೀನೂ ಇದೆ. ಇದು ಕಬ್ಬಿಣಾಂಶವನ್ನು ಹಿಡಿದಿಟ್ಟು ರೋಗಾಣುಗಳನ್ನು ಉಪವಾಸ ಕೆಡವುತ್ತದೆ. ಜಠರರಸದ ಪೆಪ್ಸಿನ್ ಇದನ್ನು ಕತ್ತರಿಸಿದಾಗ ಸಿಗುವ ತುಣುಕು ಕೂಡ ರೋಗಾಣುವನ್ನು ಕೊಲ್ಲಬಲ್ಲ ಪೆಪ್ಟೈಡೇ. ಮಾಸು ಬೀಳುವವರೆಗೆ ಹಾಲು ಕುಡಿಸಬಾರದು ಎನ್ನುವವರು ಇನ್ನೂ ಇದ್ದಾರೆ. ಆ ಮಾತು ಕೇಳಬೇಡಿ. ಹುಟ್ಟಿದ ಒಂದೆರಡು ತಾಸಿನೊಳಗೆ ಮೊದಲ ಗಿಣ್ಣ ಹೊಟ್ಟೆಗೆ ಹೋಗಲಿ. 30 ಕಿಲೋ ತೂಗುವ ಕರುವಿಗೆ ಮೊದಲ ದಿನ ಸುಮಾರು 3 ಲೀಟರ್ ಬೇಕು. 24 ತಾಸು ಕಳೆದರೆ ಆ ನಿರೋಧಕ ಕಣಗಳನ್ನು ಕರುಳು ಹೀರಿಕೊಳ್ಳುವುದಿಲ್ಲ. ಉಳಿದ ಗಿಣ್ಣವನ್ನು ಮಾರುವುದೋ ಓಣಿಗೆ ಹಂಚುವುದೋ ಆಮೇಲಿನ ಮಾತು.

ಕೋಲಿಸ್ಟಿನ್ ಎಂಬ ಔಷಧವೂ ಪೆಪ್ಟೈಡ್ ಜಾತಿಯದೇ, ಕೊಲ್ಲುವ ವಿಧಾನವೂ ಹೆಚ್ಚುಕಡಿಮೆ ಅದೇ. ಕೋಳಿ, ಹಂದಿಗಳ ಮೇವಿಗೆ ಬೆಳವಣಿಗೆಗೆಂದು ಇದನ್ನು ಬೆರೆಸುವ ಚಾಳಿ ಹಲವು ದೇಶಗಳಲ್ಲಿ ಇತ್ತು. 2015ರಲ್ಲಿ ಚೀನಾದ ಹಂದಿಗಳಲ್ಲಿ, ಕೋಲಿಸ್ಟಿನ್‌ಗೆ ಜಗ್ಗದ ಬ್ಯಾಕ್ಟೀರಿಯಾ ಸಿಕ್ಕ ವರದಿ ಬಂತು. ಒಂದು ಜೀನ್ ಅವುಗಳ ಪೊರೆಯ ಋಣಾಂಶವನ್ನೇ ತಗ್ಗಿಸಿತ್ತು. ಆ ಜೀನ್ ಇದ್ದರೆ ಪ್ರಾಣಿಯ ಸ್ವಂತ ಪೆಪ್ಟೈಡುಗಳನ್ನೂ ತಾಳಿಕೊಳ್ಳುವ ಶಕ್ತಿ ಹೆಚ್ಚುತ್ತದೆ ಎಂದು 2023ರ ಒಂದು ಅಧ್ಯಯನ ತೋರಿಸಿತು. ನನ್ನನ್ನು ಕೇಳಿದರೆ ಭಯಪಡಬೇಕಾದ್ದು ಇದಕ್ಕೇ: ಮೇವಿಗೆ ಬೆರೆಸಿದ ಔಷಧ ದನದ ಹುಟ್ಟುಗುಣದ ರಕ್ಷಣೆಗೇ ಕುತ್ತು ತರಬಹುದು.

ಕೇಂದ್ರ ಸರ್ಕಾರ 2019ರ ಜುಲೈನಲ್ಲಿ ಆಹಾರಕ್ಕಾಗಿ ಸಾಕುವ ಪ್ರಾಣಿ, ಕೋಳಿ, ಮೀನುಗಳಿಗೆಂದು ಕೋಲಿಸ್ಟಿನ್ ತಯಾರಿಸುವುದನ್ನು, ಮಾರುವುದನ್ನು, ಹಂಚುವುದನ್ನು ನಿಷೇಧಿಸಿದೆ.

ಭೇದಿ ಕಂಡ ಕರುವಿಗೆ ಹಾಲು ನಿಲ್ಲಿಸಬೇಡಿ. ಪಶು ಆಸ್ಪತ್ರೆಯಿಂದ ತಂದ ಓಆರ್‌ಎಸ್ ಪುಡಿ ಕರಗಿಸಿದ ನೀರನ್ನು ಹಾಲು ಕುಡಿಸಿದ ಹೊತ್ತು ಬಿಟ್ಟು ಬೇರೆ ಹೊತ್ತಿಗೆ ಕೊಡಿ. ರಕ್ತ ಬಿದ್ದರೆ, ಮೈ ಕಾದರೆ, ಕಣ್ಣು ಗುಳಿಬಿದ್ದರೆ, ಕರು ಏಳದಿದ್ದರೆ ತಡಮಾಡದೆ ಪಶುವೈದ್ಯರನ್ನು ಕರೆಯಿರಿ. ಆ್ಯಂಟಿಬಯೋಟಿಕ್ ಬೇಕೋ ಬೇಡವೋ ಅವರೇ ಹೇಳಲಿ. ಮನೆಯಲ್ಲಿ ಹಳೆಯ ಮೇವಿನ ಪುಡಿಯ ಪೊಟ್ಟಣ ಇದ್ದರೆ ಚೀಟಿ ಓದಿ. ಕೋಲಿಸ್ಟಿನ್ ಸಲ್ಫೇಟ್ ಎಂದಿದ್ದರೆ ಬಳಸದೆ, ತಿಪ್ಪೆಗೂ ಸುರಿಯದೆ, ಪಶು ಆಸ್ಪತ್ರೆಗೆ ಒಯ್ದು ತೋರಿಸಿ.