ಎರವಲು ಚಪ್ಪರದ ಊಟ

ಯೆಹೂದಿಗಳ ಸುಗ್ಗಿಹಬ್ಬ ಸುಕ್ಕೋತ್. ಯೋಮ್ ಕಿಪ್ಪುರ್ ಉಪವಾಸ ಕಳೆದ ಐದನೇ ದಿನ, ತಿಶ್ರೀ ತಿಂಗಳ 15ರಂದು ತೊಡಗಿ ಏಳು ದಿನ ನಡೆಯುತ್ತದೆ. ಅಷ್ಟೂ ದಿನ ಊಟ ಮನೆಯೊಳಗಲ್ಲ, ಸುಕ್ಕಾ ಎಂಬ ಚಪ್ಪರದಲ್ಲಿ. ಕಡಿದು ತಂದ ಸೊಪ್ಪು, ಗರಿ, ಬಿದಿರುಗಳೇ ಅದರ ಮಾಡು. ಬಿಸಿಲಿಗಿಂತ ನೆರಳು ಹೆಚ್ಚಿರಬೇಕು, ಆದರೂ ಸಂದಿನಲ್ಲಿ ನಕ್ಷತ್ರ ಕಂಡರೆ ಚೆನ್ನ. ಈಜಿಪ್ಟಿನಿಂದ ಹೊರಟವರು ಮರುಭೂಮಿಯ ಗುಡಾರಗಳಲ್ಲಿ ಬದುಕಿದ ನೆನಪೂ ಒಕ್ಕಣೆ ಮುಗಿದ ಸಂತೋಷವೂ ಅಲ್ಲಿ ಒಂದಾಗಿವೆ. ಇಂಥ ಚಪ್ಪರದ ಸಾಮೂಹಿಕ ಊಟದಿಂದ ನಾನು ಕಲಿತದ್ದು ಇಷ್ಟು: ಹಂಚಿಕೊಂಡು ಉಣ್ಣುವುದು ಈ ಹಬ್ಬಕ್ಕೆ ಆಮೇಲೆ ಸೇರಿದ ಶೋಭೆಯಲ್ಲ, ಅದರ ಕಟ್ಟಳೆಯೊಳಗೇ ಇದೆ.

ಯೆಹೂದಿ ಧರ್ಮಶಾಸ್ತ್ರದ ಗ್ರಂಥ ತಾಲ್ಮುಡ್‌ನಲ್ಲಿ ಬರುವ ಒಂದು ತಕರಾರನ್ನೇ ನೋಡಿ. ಹಬ್ಬದ ಮೊದಲ ದಿನ ಕೈಯಲ್ಲಿ ಹಿಡಿಯುವ ಲುಲಾವ್, ಅಂದರೆ ಖರ್ಜೂರದ ಎಳೆಗರಿ, ಹಿಡಿದವರ ಸ್ವಂತದ್ದೇ ಆಗಿರಬೇಕು. ಚಪ್ಪರಕ್ಕೂ ಇದೇ ನಿಯಮ ಎಂದರು ರಬ್ಬಿ ಎಲಿಯೇಜರ್. ಉಳಿದ ಪಂಡಿತರು ಒಪ್ಪಲಿಲ್ಲ. ಗರಿ ಸ್ವಂತದ್ದೇ ಬೇಕು, ಚಪ್ಪರ ಮಾತ್ರ ಇನ್ನೊಬ್ಬರದಾದರೂ ಸಲ್ಲುತ್ತದೆ. ಇಸ್ರಾಯೇಲ್ಯರೆಲ್ಲ ಒಂದೇ ಸುಕ್ಕಾದಲ್ಲಿ ಕೂರಲು ಯೋಗ್ಯರು ಎಂಬುದು ಅವರ ತೀರ್ಮಾನ. ನನಗೆ ಇದು ಬಹಳ ದೊಡ್ಡ ಮಾತಾಗಿ ಕಾಣುತ್ತದೆ. ಬೈಬಲಿನ ಧರ್ಮೋಪದೇಶಕಾಂಡವೂ ಈ ಹಬ್ಬದಲ್ಲಿ ಸಂತೋಷಪಡಬೇಕಾದವರನ್ನು ಹೆಸರಿಸುವಾಗ ಮಕ್ಕಳಿಗೆ ನಿಲ್ಲುವುದಿಲ್ಲ. ಆಳು, ಲೇವಿಯ, ಪರದೇಶಿ, ಅನಾಥ, ವಿಧವೆ ಎಲ್ಲರನ್ನೂ ಸೇರಿಸುತ್ತದೆ. 12ನೇ ಶತಮಾನದ ಯೆಹೂದಿ ಪಂಡಿತ ಮೈಮೊನಿಡೀಸ್ ಇನ್ನೂ ಕಟು. ಅಂಗಳದ ಬಾಗಿಲು ಹಾಕಿಕೊಂಡು ಬಡವರಿಗೆ ಕೊಡದೆ ಹೆಂಡತಿ ಮಕ್ಕಳೊಡನೆ ಉಂಡವನದು ಹಬ್ಬದ ಸಂತೋಷವಲ್ಲ, ಹೊಟ್ಟೆಯ ಸಂತೋಷ ಎಂದು ಬರೆದಿಟ್ಟಿದ್ದಾನೆ. ಅಬ್ರಹಾಮನಿಂದ ದಾವೀದನವರೆಗೆ ಏಳು ಪೂರ್ವಿಕರನ್ನು ದಿನಕ್ಕೊಬ್ಬರಂತೆ ಊಟಕ್ಕೆ ಕರೆಯುವ ಉಷ್ಪಿಜಿನ್ ಪದ್ಧತಿಯೂ ಇದೆ. ಆ ಕಾಣದ ಅತಿಥಿಗಳ ಪಾಲು ಬಡವರಿಗೆ ಸಲ್ಲಬೇಕೆಂದು ಜೋಹರ್ ಗ್ರಂಥ ಹೇಳುತ್ತದೆ.

ಸಭಾಮಂದಿರದ ದೊಡ್ಡ ಚಪ್ಪರ ಸುಲಭವಾಗಿ ಸಿಕ್ಕಿದರೆ ಮನೆಮನೆಯಲ್ಲಿ ಕಟ್ಟುವ ಕೈಗಳು ಸೋಮಾರಿಯಾಗುತ್ತವೆ ಎಂಬ ಆಕ್ಷೇಪವಿದೆ. ಅದನ್ನು ತಳ್ಳಿಹಾಕಲಾರೆ, ಕೊಂಬೆ ಎತ್ತಿಕೊಟ್ಟ ಮಗುವಿಗೆ ಹಬ್ಬ ಗೊತ್ತಾಗುವ ಹಾಗೆ ಬರಿದೇ ಬಂದು ಉಂಡವರಿಗೆ ಆಗುವುದಿಲ್ಲ. ಆದರೆ ಸುಕ್ಕಾ ಬಯಲು ಆಕಾಶದ ಕೆಳಗೇ ಇರಬೇಕು, ಮೇಲೆ ಇನ್ನೊಂದು ಬಾಲ್ಕನಿ ಇದ್ದರೆ ನಡೆಯದು. ಫ್ಲ್ಯಾಟಿನಲ್ಲಿ ಇರುವವರು, ಒಂಟಿ ಮುದುಕರು, ದೂರದ ಊರಿನ ವಿದ್ಯಾರ್ಥಿಗಳು ಎಲ್ಲಿ ಕಟ್ಟಬೇಕು? ಪರಿಹಾರ ಚಪ್ಪರ ಬಿಡುವುದಲ್ಲ, ಕಟ್ಟುವ ಕೆಲಸವನ್ನೂ ಹಂಚುವುದು. ಎಲ್ಲರೂ ಒಂದೊಂದು ಅಡುಗೆ ತಂದರೆ ಕೋಷರ್ ಎಂಬ ಆಹಾರ ನಿಯಮ ಕೆಡುತ್ತದೆಂಬ ಇನ್ನೊಂದು ಅಳುಕಿಗೆ ಉತ್ತರ ಸರಳ: ಒಂದೇ ಅಡುಗೆಮನೆ, ಹಲವು ಕೈ.

ಯೆಹೂದಿ ಗೆಳೆಯರಿಂದ ಕರೆ ಬಂದರೆ ಸಂಕೋಚಪಡದೆ ಹೋಗಿ. ಏನು ತರಲಿ ಎಂದು ಮೊದಲೇ ಕೇಳಿ. ತಂಪು ನಾಡಾದರೆ ಸ್ವೆಟರ್ ಹಾಕಿಕೊಳ್ಳಿ, ಆ ಮಾಡು ಚಳಿ ತಡೆಯುವುದಿಲ್ಲ.